ನಿಮ್ಮ ನಾಯಕ ಹೊಳೆಗೇ ವಿಷ ಸುರಿದಿದ್ದಾನೆ

ಪ್ರಿಯ ಲೇಖಕರೇ,

ನಮ್ಮ ಕಿರುಚಿತ್ರಕಥೆಗಳ ವಿಶೇಷಾಂಕಕ್ಕೆ ನೀವು ಕಳುಹಿಸಿದ ಹಸ್ತಪ್ರತಿಯನ್ನು ಓದಿದೆ. ದೇಶದ ವಿದೇಶಿ ಗುಪ್ತಚರ ಸಂಸ್ಥೆ 'ರಾ'ದಿಂದ ನಿವೃತ್ತನಾಗಿ ಕೆಂಗೇರಿಯಲ್ಲಿ ನೆಲೆಸಿರುವ ವಿಶ್ವನಾಥ, ರಾತ್ರಿ ಹೊತ್ತು ವೃಷಭಾವತಿ ನದಿಗೆ ವಿಷನೀರು ಬಿಡುವ ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ (ಲೋಹಕ್ಕೆ ಲೋಹದ ಲೇಪ ಹಾಕುವ) ಕಾರ್ಖಾನೆಯೊಂದರ ಬೆನ್ನುಹತ್ತಿ, ಕೊನೆಗೆ ಅದನ್ನು ಸ್ಫೋಟಿಸುವ ಕಥೆ ಇದು. ಬರವಣಿಗೆ ಚುರುಕಾಗಿದೆ, ಮಾತು ಮಿತವಾಗಿದೆ, ಮೈಸೂರು ರಸ್ತೆಯ ಬೆನ್ನಟ್ಟುವ ದೃಶ್ಯ ಚೆನ್ನಾಗಿ ಬಂದಿದೆ. ಆದರೆ ಕೊನೆಯ ದೃಶ್ಯವೂ ನಾಲ್ಕನೆಯ ದೃಶ್ಯವೂ ನನ್ನನ್ನು ಎಷ್ಟು ಕೆರಳಿಸಿದವೆಂದರೆ, ಉಳಿದುದರ ಬಗ್ಗೆ ಬರೆಯಲು ಮನಸ್ಸಾಗುತ್ತಿಲ್ಲ.

ಕೊನೆಯ ದೃಶ್ಯದಲ್ಲಿ ನೀವು ಬರೆದಿರುವುದು ಹೀಗೆ: "ಕಾರ್ಖಾನೆ ಹೊತ್ತಿ ಉರಿಯುತ್ತದೆ. ವಿಶ್ವನಾಥ ತಿರುಗಿ ನೋಡದೆ ನಡೆಯುತ್ತಾನೆ. ನದಿ ಈಗ ಸ್ವತಂತ್ರ." ಪ್ಲೇಟಿಂಗ್ ಕಾರ್ಖಾನೆಯೊಳಗೆ ಏನೇನಿರುತ್ತದೆ ಎಂದು ನೀವು ವಿಚಾರಿಸಿದ್ದರೆ ಈ ಮೂರು ವಾಕ್ಯಗಳನ್ನು ಬರೆಯುತ್ತಿರಲಿಲ್ಲ. ಅಲ್ಲಿ ಕ್ರೋಮಿಕ್ ಆಮ್ಲದ ತೊಟ್ಟಿಗಳಿರುತ್ತವೆ, ಲೋಹವನ್ನು ತೊಳೆಯುವ ಆಮ್ಲದ ತೊಟ್ಟಿಗಳಿರುತ್ತವೆ, ಎಷ್ಟೋ ಕಡೆ ಸೈನೈಡ್ ದ್ರಾವಣವೂ ಇರುತ್ತದೆ. ಆಮ್ಲವೂ ಸೈನೈಡೂ ಬೆರೆತರೆ ಹೈಡ್ರೋಜನ್ ಸೈನೈಡ್ ಅನಿಲ ಹುಟ್ಟುತ್ತದೆ. ಪಕ್ಕದ ಓಣಿಯಲ್ಲಿ ಮಲಗಿದವರಿಗೆ ಅದು ಮೃತ್ಯು. ಬೆಂಕಿ ಆರಿಸಲು ಅಗ್ನಿಶಾಮಕ ದಳದವರು ಸುರಿಯುವ ನೀರು ಅಳಿದುಳಿದ ಕ್ರೋಮಿಯಮ್ಮನ್ನೆಲ್ಲ ತೊಳೆದುಕೊಂಡು ರಾಜಕಾಲುವೆಗೆ ಇಳಿಯುತ್ತದೆ, ಅಲ್ಲಿಂದ ವೃಷಭಾವತಿಗೆ, ಬಿಡದಿಯ ಆಚೆ ಬೈರಮಂಗಲ ಜಲಾಶಯಕ್ಕೆ, ಅದರ ನಾಲೆಗಳಿಂದ ರೈತರ ಹೊಲಗಳಿಗೆ. ಕಾರ್ಖಾನೆಯ ಮಾಲೀಕ ವರ್ಷಗಟ್ಟಲೆ ಕದ್ದು ಬಿಟ್ಟದ್ದಕ್ಕೆ ಸರಿಗಟ್ಟುವಷ್ಟು ವಿಷವನ್ನು ನಿಮ್ಮ ನಾಯಕ ಒಂದೇ ರಾತ್ರಿಯಲ್ಲಿ ಹರಿಸಿದ್ದಾನೆ, ಮತ್ತು ನೀವು ಅವನಿಗೆ ಸಂಗೀತ ನುಡಿಸಿದ್ದೀರಿ.

ಇದು ನನ್ನ ಊಹೆಯಲ್ಲ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದಾಗ, ಆರಿಸಲು ಸುರಿದ ನೀರೇ ಟನ್ನುಗಟ್ಟಲೆ ಕೀಟನಾಶಕಗಳನ್ನು ರೈನ್ ನದಿಗೆ ಒಯ್ದಿತು. ನದಿ ಕೆಂಪಾಯಿತು, ಹಾವುಮೀನುಗಳು ರಾಶಿರಾಶಿಯಾಗಿ ಸತ್ತವು.

ಇನ್ನು ನಾಲ್ಕನೆಯ ದೃಶ್ಯ. "ವಿಶ್ವನಾಥ ಕತ್ತಲಲ್ಲಿ ಮೋರಿಗೆ ಇಳಿದು ಬಾಟಲಿ ತುಂಬಿಕೊಳ್ಳುತ್ತಾನೆ. 'ಸಾಕ್ಷಿ ಸಿಕ್ಕಿತು' ಎನ್ನುತ್ತಾನೆ." ಸಿಕ್ಕಿಲ್ಲ. 1974ರ ಜಲ ಕಾಯ್ದೆಯ 21ನೆಯ ಕಲಮಿನ ಪ್ರಕಾರ ಮಾದರಿ ತೆಗೆಯಬೇಕಾದವರು ಮಾಲಿನ್ಯ ನಿಯಂತ್ರಣ ಮಂಡಳಿಯವರು ಅಥವಾ ಮಂಡಳಿ ಅಧಿಕಾರ ಕೊಟ್ಟ ಅಧಿಕಾರಿ. ವಿಶ್ಲೇಷಣೆಗೆ ಒಯ್ಯುತ್ತಿರುವುದಾಗಿ ಕಾರ್ಖಾನೆಯ ಉಸ್ತುವಾರಿಗೆ ಅಲ್ಲೇ ನೋಟಿಸ್ ಕೊಟ್ಟು, ಅವನ ಎದುರಿಗೇ ಮಾದರಿಯನ್ನು ಎರಡು ಭಾಗ ಮಾಡಿ, ಸೀಲು ಹಾಕಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿಯನ್ನು ನ್ಯಾಯಾಲಯ ಪುರಾವೆಯೆಂದು ಒಪ್ಪುವುದಿಲ್ಲ. ಕದ್ದು ತಂದ ಬಾಟಲಿ ಅಲ್ಲಿ ಬರಿಯ ಕೊಳಕು ನೀರು.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ವಾರಪತ್ರಿಕೆಯೊಂದಕ್ಕೆ ನ್ಯಾಯಾಲಯದ ವರದಿಗಳನ್ನು ಬರೆಯುತ್ತಿದ್ದೆ. ಅಲ್ಲಿನ ಹಿರಿಯ ಉಪಸಂಪಾದಕರು ವಕೀಲರ ಆವೇಶದ ಮಾತುಗಳನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿ, "ಮುದ್ದೆಮಾಲು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಅದನ್ನು ಬರೆಯಪ್ಪ" ಎನ್ನುತ್ತಿದ್ದರು; ಮುದ್ದೆಮಾಲು ಎಂದರೆ ಸಾಕ್ಷ್ಯವಾಗಿ ವಶಪಡಿಸಿಕೊಂಡ ವಸ್ತು. ಒಮ್ಮೆ ಬಟ್ಟೆಯಲ್ಲಿ ಸುತ್ತಿದ್ದ ಚಾಕುವೊಂದರ ಅರಗಿನ ಸೀಲು ಅರ್ಧ ಒಡೆದಿತ್ತು. ಆರೋಪಿಯ ಪರ ವಕೀಲರು ಏನೂ ಮಾತಾಡದೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಡಿಲಾಗಿದ್ದ ದಾರವನ್ನು ಬೆರಳಿನಿಂದ ಎತ್ತಿ ತೋರಿಸಿದರು. ಮಹಜರು ಮಾಡಿದ್ದ ಅಧಿಕಾರಿಯ ಹಣೆಯಲ್ಲಿ ಬೆವರು ಒಡೆಯಿತು. ಯಾವ ಹೊಡೆದಾಟವೂ ಕೊಡದ ಆತಂಕವನ್ನು ಆ ದಾರದ ತುಂಡು ಕೊಟ್ಟದ್ದನ್ನು ಕಣ್ಣಾರೆ ಕಂಡವನು ನಾನು. ಆದ್ದರಿಂದಲೇ ನಿಮ್ಮ ಬಾಟಲಿಯನ್ನು ಬಿಟ್ಟು ಮುಂದೆ ಹೋಗಲಾರೆ.

ನೋಡಿ, ನಿಮ್ಮ ಕಥೆ ಅಲ್ಲೇ ಕಾದು ಕುಳಿತಿದೆ. ಬದುಕಿಡೀ ಕದ್ದು ತಂದದ್ದಕ್ಕೆ ಬೆಲೆಯಿದ್ದ ಮನುಷ್ಯ ಈಗ ಕದ್ದು ತಂದದ್ದಕ್ಕೆ ಕಾಸಿನ ಬೆಲೆಯಿಲ್ಲದ ಜಾಗಕ್ಕೆ ಬಂದಿದ್ದಾನೆ. ಹಳೆಯ ಹುದ್ದೆಯ ಹೆಸರೂ ಅವನ ನೆರವಿಗೆ ಬರುವುದಿಲ್ಲ: 2021ರಲ್ಲಿ ತಿದ್ದುಪಡಿಯಾದ ಪಿಂಚಣಿ ನಿಯಮದಂತೆ, ಗುಪ್ತಚರ ಸಂಸ್ಥೆಯಿಂದ ನಿವೃತ್ತರಾದವರು ಸಂಸ್ಥೆಗೆ ಸಂಬಂಧಿಸಿದ ಏನನ್ನೇ ಪ್ರಕಟಿಸಲು ಅದರ ಮುಖ್ಯಸ್ಥರ ಪೂರ್ವಾನುಮತಿ ಬೇಕು. ನೀವು ಆರನೆಯ ದೃಶ್ಯದಲ್ಲಿ ಮಾಡಿಸಿರುವ ಪತ್ರಿಕಾಗೋಷ್ಠಿಯಲ್ಲಿ ಅವನು ಸಂಸ್ಥೆಯ ಹೆಸರೆತ್ತಿ ಬಾಯಿ ತೆರೆದರೆ ಪಿಂಚಣಿಗೇ ಕುತ್ತು. ಅವನು ಕೆಂಗೇರಿಯ ಒಬ್ಬ ನಿವಾಸಿಯಾಗಿ, ಕೈಯಲ್ಲಿ ಅರ್ಜಿ ಹಿಡಿದು, ಮಂಡಳಿಯ ಕಚೇರಿಯ ಮೆಟ್ಟಿಲು ಹತ್ತಬೇಕು.

ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸುವುದಿಲ್ಲ. ಸ್ಫೋಟವನ್ನು ತೆಗೆದುಹಾಕಿ, ನಾಲ್ಕನೆಯ ದೃಶ್ಯವನ್ನು ಹೊಸದಾಗಿ ಬರೆದು ಕಳುಹಿಸಿ, ನಾನೇ ಓದುತ್ತೇನೆ. ವಿಷನೀರು ಸುರಿಯುವ ಟ್ಯಾಂಕರ್ ಬರುವುದು ರಾತ್ರಿ ಎರಡು ಗಂಟೆಗೆ, ಅಧಿಕಾರಿ ಸಿಗುವುದು ಕಚೇರಿಯ ವೇಳೆಯಲ್ಲಿ. ಟ್ಯಾಂಕರನ್ನೂ ಅಧಿಕಾರಿಯನ್ನೂ, ಜೊತೆಗೆ ಸಹಿ ಹಾಕಬೇಕಾದ ಉಸ್ತುವಾರಿಯನ್ನೂ, ಒಂದೇ ಹೊತ್ತಿಗೆ ಅದೇ ಮೋರಿಯ ಬಳಿ ವಿಶ್ವನಾಥ ಹೇಗೆ ಸೇರಿಸುತ್ತಾನೆ ಎಂಬುದನ್ನು ಬರೆಯಿರಿ. ಬೆನ್ನಟ್ಟುವ ದೃಶ್ಯ ಬೇಕೆಂದಿದ್ದರೆ ಅದೂ ಅಲ್ಲಿಗೇ ಬಂದು ನಿಲ್ಲಲಿ.

ವಿಶ್ವಾಸದಿಂದ,
ಸಂಪಾದಕ