ಡಿಸೆಂಬರಿನ ಮಲೆನಾಡಿಗೆ ಟೆಂಟಾ, ಹ್ಯಾಮಕ್ಕಾ? ಮೊದಲು ಬೆನ್ನಿನ ಕೆಳಗೆ ಏನಿದೆ ನೋಡಿ

ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ತೂಗುಹಾಸಿಗೆ) ಆದರೆ ಅಡಿಗೆ ಹಾಸುವ ಮ್ಯಾಟ್ ಬೇಡ, ಬ್ಯಾಗ್ ಹಗುರ, ಇಂಬಳದ (ಜಿಗಣೆಯ) ಕಾಟವೂ ಇಲ್ಲ. ಡಿಸೆಂಬರಿನಲ್ಲಿ ಮೂಡಿಗೆರೆ, ಸಕಲೇಶಪುರ ಕಡೆ ಟ್ರೆಕ್ಕಿಂಗಿಗೆ ಟೆಂಟ್ ಬಿಟ್ಟು ಅದನ್ನೇ ಕೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ಇದೇ ತಿಂಗಳು, ಇದೇ ಮೂಡಿಗೆರೆ.

ನಾನು ಹಾಸನದವನು. ನಮ್ಮ ಗುಂಪಿನ ಒಬ್ಬನಿಗೆ ದುಬೈನಲ್ಲಿ ಕೆಲಸ ಸಿಕ್ಕಿತ್ತು. ಹೊರಡೋ ಮುಂಚೆ ಎಲ್ಲರೂ ಒಟ್ಟಿಗೆ ಎತ್ತಿನಭುಜ ಬೆಟ್ಟ ಹತ್ತಬೇಕು ಅಂತ ಅವನ ಆಸೆ. ಇನ್ನೊಬ್ಬನ ದೊಡ್ಡಪ್ಪನ ಕಾಫಿ ತೋಟ ಮೂಡಿಗೆರೆ ಹ್ಯಾಂಡ್‌ಪೋಸ್ಟಿನಿಂದ ಸ್ವಲ್ಪ ಒಳಗೆ ಇದೆ. ರಾತ್ರಿ ಅಲ್ಲಿದ್ದು, ಬೆಳಗ್ಗೆ ಬೇಗ ಎದ್ದು ಬೆಟ್ಟದ ದಾರಿ ಶುರುವಾಗುವ ಭೈರಾಪುರದ ಕಡೆ ಹೊರಡೋದು ಅಂತ ತೀರ್ಮಾನವಾಯಿತು. ಅವರೆಲ್ಲ ಟೆಂಟ್ ತಂದರು. ನಾನು ಹೊಸದಾಗಿ ಕೊಂಡ ಹ್ಯಾಮಕ್ ತಂದೆ.

ನನ್ನ ಹತ್ತಿರ ಫೋಮ್ ಮ್ಯಾಟ್ ಇರಲಿಲ್ಲ ಅಂತಲ್ಲ. ಇತ್ತು. ಬ್ಯಾಗಿನ ಹೊರಗೆ ಸುತ್ತಿ ಕಟ್ಟಿಯೂ ಆಗಿತ್ತು. ಮನೆಯಿಂದ ಹೊರಡುವಾಗ, ಬಸ್ಸಿನಲ್ಲಿ ಅಡ್ಡ ಬರುತ್ತೆ, ನೆಲದ ಮೇಲೆ ಮಲಗದವನಿಗೆ ಮ್ಯಾಟ್ ಯಾಕೆ ಅಂತ ಬಿಚ್ಚಿ ಬಾಗಿಲ ಹಿಂದೆ ನಿಲ್ಲಿಸಿ ಬಂದೆ. ಆಮೇಲೆ ಆಗಿದ್ದೆಲ್ಲ ಅದರಿಂದಲೇ ಆಯಿತು.

ತೋಟಕ್ಕೆ ಹೋದಾಗ ಸಂಜೆಯಾಗಿತ್ತು. ಕಾಫಿ ಕುಯ್ಲು ನಡೀತಿತ್ತು. ಕಣದಲ್ಲಿ ಹರವಿದ ಹಣ್ಣನ್ನು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತಿದ್ದರು. ನಾನು ಮರ ಹುಡುಕಿಕೊಂಡು ಹೊರಟೆ. ಕಾಫಿ ತೋಟ ಅಂದ್ರೆ ಎಲ್ಲಿ ನೋಡಿದರೂ ಮರ, ಕಟ್ಟಲು ಏನು ಕಷ್ಟ ಅಂತ ನಿಮಗೂ ಅನ್ನಿಸಿರಬಹುದು. ಹತ್ತಿರ ಹೋಗಿ ನೋಡಿ. ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಕ್ಕೆಲ್ಲ ಬುಡದಿಂದಲೇ ಮೆಣಸಿನ ಬಳ್ಳಿ ಹಬ್ಬಿರುತ್ತೆ. ಗಂಟುಗಂಟಿನಲ್ಲಿ ಸಣ್ಣ ಬೇರು ಬಿಟ್ಟು ತೊಗಟೆಯನ್ನು ಹಿಡಿದುಕೊಂಡಿರುತ್ತೆ. ಡಿಸೆಂಬರಿನಲ್ಲಿ ಹಸಿರು ಕಾಳಿನ ಗೊನೆ ಇನ್ನೂ ಅದರ ಮೇಲೇ ಇರುತ್ತೆ. ಅದರ ಮೇಲೆ ಹ್ಯಾಮಕ್ಕಿನ ಪಟ್ಟಿ ಸುತ್ತಿ ಒಬ್ಬ ಮನುಷ್ಯ ಮಲಗಿದರೆ ಬಳ್ಳಿ ಜಜ್ಜಿ ಹೋಗುತ್ತೆ. ದೊಡ್ಡಪ್ಪ ದೂರದಿಂದಲೇ ಕೂಗಿದರು: "ಬಳ್ಳಿ ಇರೋ ಮರಕ್ಕೆ ಕಟ್ಟಬೇಡ ಕಣೋ. ಹಾಲುವಾಣಕ್ಕೂ ಬೇಡ, ಅದು ಮೆತ್ತನೆ ಮರ." ಇನ್ನೊಂದು ಮರದಲ್ಲಿ ಚಗಳಿ ಇರುವೆ ಎಲೆ ಹೆಣೆದು ಗೂಡು ಮಾಡಿದ್ದವು. ಕೊನೆಗೆ ಕೆಳಗೆ ಹಳ್ಳದ ಪಕ್ಕ ಎರಡು ನೇರಳೆ ಮರ ಸಿಕ್ಕವು. ಅಳತೆ ಸರಿ, ಗಟ್ಟಿಯಾಗೂ ಇದ್ದವು. ಅಲ್ಲೇ ಕಟ್ಟಿದೆ.

ದೊಡ್ಡಮ್ಮ ಕಡುಬು, ಕೋಳಿ ಸಾರು ಬಡಿಸುತ್ತಾ, "ಒಳಗೆ ಮಂಚ ಇದೆ, ಕಂಬಳಿ ಇದೆ. ಮರಕ್ಕೆ ಕಟ್ಕೊಂಡು ಯಾಕಪ್ಪಾ ಮಲಗ್ತೀಯ, ಥಂಡಿ ಬೀಳುತ್ತೆ" ಅಂದರು. ಸ್ಲೀಪಿಂಗ್ ಬ್ಯಾಗ್ ಇದೆ ದೊಡ್ಡಮ್ಮ, ಏನೂ ಆಗಲ್ಲ ಅಂದೆ. ಬ್ಯಾಗ್ ಒಳ್ಳೆಯದೇ ಇತ್ತು. ಅದರಲ್ಲಿ ಸುಳ್ಳೇನಿಲ್ಲ.

ಮೊದಲ ಎರಡು ಮೂರು ಗಂಟೆ ಸುಖವಾಗಿ ನಿದ್ದೆ ಬಂತು. ಅಷ್ಟು ಹಾಯಾಗಿ ನಾನು ಟೆಂಟಿನಲ್ಲಿ ಯಾವತ್ತೂ ಮಲಗಿಲ್ಲ. ಆಮೇಲೆ ಎಚ್ಚರವಾಯಿತು. ಎದೆ, ಹೊಟ್ಟೆ ಬೆಚ್ಚಗಿವೆ. ಬೆನ್ನು, ಸೊಂಟ, ಭುಜದ ಹಿಂಭಾಗ ಮಾತ್ರ ತಣ್ಣೀರಿಗೆ ತಾಗಿಸಿ ಇಟ್ಟ ಹಾಗೆ. ಜರ್ಕಿನ್ ಹಾಕಿಕೊಂಡೆ. ಇನ್ನೊಂದು ಪ್ಯಾಂಟ್ ಹಾಕಿಕೊಂಡೆ. ಮಗ್ಗುಲಾದರೆ ಆ ಮಗ್ಗುಲು ತಣ್ಣಗಾಗುತ್ತೆ. ಹಳ್ಳದ ಕಡೆಯಿಂದ ಮಂಜು ಮೇಲೆದ್ದು ಬಟ್ಟೆಯೆಲ್ಲ ಒದ್ದೆ. ನಡುಕ ನಿಲ್ಲಲಿಲ್ಲ.

ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಅರ್ಥವಾದರೆ ನಿಮ್ಮ ಪ್ರಶ್ನೆಯ ಅರ್ಧ ಭಾಗ ಅಲ್ಲೇ ಮುಗಿಯಿತು. ಮ್ಯಾಟ್ ಇರೋದು ನೆಲದ ಗಟ್ಟಿತನ ತಡೆಯಲು ಅಂತ ನಾನು ತಿಳಿದಿದ್ದೆ. ಮೆತ್ತಗಾಗಿಸೋದು ಅದರ ಚಿಕ್ಕ ಕೆಲಸ. ದೊಡ್ಡ ಕೆಲಸ ಮೈಯ ಬಿಸಿ ಕೆಳಗೆ ಸೋರದಂತೆ ತಡೆಯೋದು. ಸ್ಲೀಪಿಂಗ್ ಬ್ಯಾಗ್ ತಾನಾಗಿ ಬಿಸಿ ಹುಟ್ಟಿಸಲ್ಲ. ಅದರೊಳಗಿನ ಹತ್ತಿಯಂಥ ತುಂಬುವಿಕೆ ಉಬ್ಬಿಕೊಂಡು ಗಾಳಿ ಹಿಡಿದಿಟ್ಟುಕೊಳ್ಳುತ್ತೆ. ಕದಲದೆ ನಿಂತ ಆ ಗಾಳಿಯೇ ನಮ್ಮನ್ನು ಬೆಚ್ಚಗಿಡೋದು. ನಾವು ಮಲಗಿದ ತಕ್ಷಣ ಕೆಳಗಿನ ಪದರ ನಮ್ಮ ಭಾರಕ್ಕೆ ಚಪ್ಪಟೆಯಾಗುತ್ತೆ. ಗಾಳಿ ಹೋಯ್ತು, ಬೆಚ್ಚಗೂ ಹೋಯ್ತು. ನೆಲದ ಮೇಲಾದರೆ ಬೆನ್ನಿನ ಅಡಿ ಮಾತ್ರ ಹೀಗಾಗುತ್ತೆ. ಹ್ಯಾಮಕ್ಕಿನಲ್ಲಿ ಬಟ್ಟೆ ಎರಡೂ ಕಡೆಯಿಂದ ಭುಜಕ್ಕೆ, ತೋಳಿಗೆ ಒತ್ತಿಕೊಳ್ಳುವುದರಿಂದ ಪಕ್ಕಗಳೂ ಚಪ್ಪಟೆ. ಅದರ ಮೇಲೆ ಬೆನ್ನಿನ ಕೆಳಗೆ ಗಾಳಿ ಆಡುತ್ತಲೇ ಇರುತ್ತೆ. ನೆಲ ನಮ್ಮ ಬಿಸಿಗೆ ಸ್ವಲ್ಪವಾದರೂ ಕಾಯುತ್ತೆ. ಗಾಳಿ ಹಾಗಲ್ಲ, ಬಂದಿದ್ದು ಬಿಸಿ ಹೊತ್ತುಕೊಂಡು ಹೋಗುತ್ತೆ, ಹಿಂದೆಯೇ ಇನ್ನೊಂದು ತಣ್ಣನೆಯದು ಬರುತ್ತೆ. ಅದಕ್ಕೇ ಹೊರಗಿನ ಉಷ್ಣಾಂಶ 20 ಡಿಗ್ರಿಗಿಂತ ಕೆಳಗೆ ಇಳಿದರೆ ಹ್ಯಾಮಕ್ಕಿನಲ್ಲಿ ಬೆನ್ನಿಗೆ ಏನಾದರೂ ಬೇಕೇ ಬೇಕು. ಡಿಸೆಂಬರಿನ ರಾತ್ರಿ ಮೂಡಿಗೆರೆಯಲ್ಲಿ ಅದಕ್ಕಿಂತ ತುಂಬಾ ಕೆಳಗೇ ಇರುತ್ತೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದಿರುವ ಡಿಗ್ರಿ ನೋಡಿ ನಾನು ಧೈರ್ಯವಾಗಿದ್ದೆ. ಅಡಿಯಲ್ಲಿ ಮ್ಯಾಟ್ ಹಾಕಿ ಪರೀಕ್ಷೆ ಮಾಡಿ ಬರೆಯುವ ಡಿಗ್ರಿ ಅದು. ಮ್ಯಾಟ್ ಇಲ್ಲದವನಿಗೆ ಆ ಸಂಖ್ಯೆ ಲೆಕ್ಕಕ್ಕೇ ಬರಲ್ಲ. ಜರ್ಕಿನ್ ಹಾಕಿಕೊಂಡರೂ ಅಷ್ಟೇ, ಅದೂ ಬೆನ್ನಿನ ಅಡಿ ಚಪ್ಪಟೆಯಾಗುತ್ತೆ. ಸಾಲದ್ದಕ್ಕೆ ಹಳ್ಳದ ಪಕ್ಕ ಕಟ್ಟಿದ್ದೆ. ರಾತ್ರಿ ತಣ್ಣನೆ ಗಾಳಿ ಭಾರ, ಇಳಿಜಾರಲ್ಲಿ ಜಾರಿ ಬಂದು ತಗ್ಗಿನಲ್ಲೇ ನಿಲ್ಲುತ್ತೆ. ಮನೆ ಮುಂದಿನ ಅಂಗಳಕ್ಕೂ ಹಳ್ಳಕ್ಕೂ ಚಳಿಯಲ್ಲಿ ಅಜಗಜಾಂತರ.

ತಡೆಯಲಾಗದೆ ಟಾರ್ಚ್ ಹಿಡಿದು ಕಣಕ್ಕೆ ಹತ್ತಿ ಬಂದೆ. ಕಾಫಿ ಕಾವಲಿಗೆ ತೋಟದ ಕೆಲಸದವರ ಲೈನ್ ಮನೆಯ ಅಜ್ಜ ಒಬ್ಬರು ಬೆಂಕಿ ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿ ಏನೂ ಕೇಳಲಿಲ್ಲ. ಮೂಲೆಯಲ್ಲಿದ್ದ ಖಾಲಿ ಗೋಣಿಚೀಲ ಎಳೆದು ಸಿಮೆಂಟಿನ ಮೇಲೆ ಒಂದರ ಮೇಲೊಂದು ಹಾಸಿದರು. "ಮೇಲೆ ಎಷ್ಟ್ ಹೊದ್ಕಂಡ್ರೂ ಅಷ್ಟೇಯ ಮಗಾ, ಅಡಿಗೆ ಹಾಕ್ಕಬೇಕು" ಅಂದರು. ಅದೇ ಬ್ಯಾಗಿನೊಳಗೆ ಗೋಣಿ ಮೇಲೆ ಮಲಗಿದೆ. ಬೆಂಕಿ ಆಗಲೇ ಆರುತ್ತಾ ಬಂದಿತ್ತು, ಅದರ ಕಾವೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ನಡುಕ ನಿಂತಿತು.

ಆದರೆ ಆಗುವುದು ಆಗಿ ಹೋಗಿತ್ತು. ಬೆಳಗ್ಗೆ ಜ್ವರ, ಕತ್ತು ಹಿಡಿದುಕೊಂಡಿತ್ತು. ಟೆಂಟಿನಲ್ಲಿ ಮ್ಯಾಟ್ ಹಾಸಿಕೊಂಡು ಮಲಗಿದ್ದವರೆಲ್ಲ ಎದ್ದು ಕಾಫಿ ಕುಡಿದು ಜೀಪ್ ಹತ್ತಿದರು. ದುಬೈಗೆ ಹೊರಟಿದ್ದವನು ನಾನಿಲ್ಲದೆ ಹೋಗಲ್ಲ ಅಂತ ಹಟ ಮಾಡಿದ. ನಾನೇ ಕಳಿಸಿದೆ. ಅವರು ಎತ್ತಿನಭುಜದ ಮೇಲಿದ್ದಾಗ ನಾನು ಜಗಲಿಯಲ್ಲಿ ದೊಡ್ಡಮ್ಮ ಮಾಡಿಕೊಟ್ಟ ಕಷಾಯ ಕುಡಿಯುತ್ತಿದ್ದೆ. ನಮ್ಮ ಗುಂಪು ಮತ್ತೆ ಒಟ್ಟಿಗೆ ಸೇರಿಲ್ಲ. ಇದನ್ನು ಬರೆಯುವಾಗಲೂ ಬೇಜಾರಾಗುತ್ತೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಹ್ಯಾಮಕ್ ಹಗುರ ಅನ್ನೋದು ಅರ್ಧ ಸತ್ಯ. ಬಟ್ಟೆ ಮಾತ್ರ ಅರ್ಧ ಕೆಜಿ ಇರಬಹುದು. ಅದಕ್ಕೆ ಮರಕ್ಕೆ ಕಟ್ಟುವ ಪಟ್ಟಿ, ಮೇಲೆ ಟಾರ್ಪ್, ಸೊಳ್ಳೆಪರದೆ, ಬೆನ್ನಿನ ಕೆಳಗಿನ ಹೊದಿಕೆ ಎಲ್ಲ ಸೇರಿಸಿ. ಇಬ್ಬರು ಹಂಚಿಕೊಂಡು ಹೊರುವ ಟೆಂಟಿಗಿಂತ ನಿಮ್ಮ ಪಾಲಿನ ಭಾರ ಜಾಸ್ತಿಯೇ ಆಗುತ್ತೆ.

ಇಂಬಳದ ಹೆದರಿಕೆಯೂ ಬೇಡ. ಅದು ಮಳೆಗಾಲದ ಕಾಟ, ಡಿಸೆಂಬರಿಗೆ ತುಂಬಾ ಕಡಿಮೆ ಆಗಿರುತ್ತೆ. ಆ ಹೊತ್ತಿಗೆ ನೋಡಬೇಕಾದ್ದು ಉಣುಗನ್ನು (ಉಣ್ಣೆ ಹುಳು). ಮಂಗನ ಕಾಯಿಲೆ ಹರಡೋದು ಅದರಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಉಣುಗು ಹತ್ತೋದು ನೀವು ತರಗೆಲೆ, ಪೊದೆಗಳಲ್ಲಿ ನಡೆಯುವಾಗ. ರಾತ್ರಿ ಮೇಲೆ ತೂಗಿ ಮಲಗಿದರೆ ಹಗಲು ಹತ್ತಿದ್ದು ಬಿಡಲ್ಲ. ಉದ್ದ ತೋಳು, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ.

ಇನ್ನೊಂದು. ಬೆಟ್ಟದ ತುದಿಯಲ್ಲಿ ಹ್ಯಾಮಕ್ ತೂಗಿ ಸೂರ್ಯೋದಯ ನೋಡುವ ಚಿತ್ರಗಳನ್ನು ನೋಡಿಯೇ ನಿಮಗೆ ಈ ಆಸೆ ಬಂದಿದ್ದರೆ, ನಮ್ಮ ಬೆಟ್ಟಗಳು ಹಾಗಿಲ್ಲ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರ. ಮೇಲೆ ಬರೀ ಹುಲ್ಲು. ಎತ್ತಿನಭುಜ, ಬಲ್ಲಾಳರಾಯನ ದುರ್ಗ, ಕುದುರೆಮುಖ ಎಲ್ಲ ಅದೇ ಕಥೆ. ಮರ ಇರೋದು ಕಣಿವೆಯ ಶೋಲಾ ಕಾಡಿನಲ್ಲಿ. ಅಲ್ಲಿ ರಾತ್ರಿ ಉಳಿಯಲು ಅರಣ್ಯ ಇಲಾಖೆ ಬಿಡಲ್ಲ, ಬಿಡಬಾರದು ಕೂಡ. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಹತ್ತಿ ಅದೇ ದಿನ ಇಳಿಯಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ತೋಟದೊಳಗೇ ಓಡಾಡುತ್ತವೆ. ಎಷ್ಟೋ ಜನ ಸತ್ತಿದ್ದಾರೆ. ಸೊಳ್ಳೆಪರದೆಯ ಜಿಪ್ ಎಳೆದು ಒಳಗೆ ಸಿಕ್ಕಿಕೊಂಡವನಿಗೆ ಆ ಹೊತ್ತಿನಲ್ಲಿ ಎದ್ದು ಓಡಲು ಆಗಲ್ಲ. ಟೆಂಟಿನಲ್ಲಿದ್ದರೂ ಅಷ್ಟೇ ಅಪಾಯ. ಹಾಗಾಗಿ ಕಾಡಿನಲ್ಲಿ ಟೆಂಟೋ ಹ್ಯಾಮಕ್ಕೋ ಅನ್ನೋ ಪ್ರಶ್ನೆಯೇ ಇಲ್ಲ. ನೀವು ಮಲಗೋದು ಯಾರದೋ ತೋಟದ ಮನೆ ಅಥವಾ ಹೋಮ್‌ಸ್ಟೇ ಅಂಗಳದಲ್ಲಿ. ಅಲ್ಲಿ ಸಮತಟ್ಟು ನೆಲ ಇದ್ದೇ ಇರುತ್ತೆ. ಇಳಿಜಾರು, ಕಲ್ಲು, ಕೆಸರು ಇರುವ ಕಡೆ ಹ್ಯಾಮಕ್ ಗೆಲ್ಲುತ್ತೆ ಅನ್ನೋ ಮಾತು ಇಲ್ಲಿ ಉಪಯೋಗಕ್ಕೆ ಬರಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ಡಿಸೆಂಬರಿಗೆ ಎರಡನ್ನೂ ಕೊಳ್ಳಬೇಡಿ. ಟೆಂಟ್ ಬಾಡಿಗೆಗೆ ತನ್ನಿ. ಉಳಿಯುವ ದುಡ್ಡಿನಲ್ಲಿ ಒಳ್ಳೆ ಮ್ಯಾಟ್ ತಗೊಳ್ಳಿ, ಅದು ಮುಂದೆ ಎಲ್ಲಿ ಮಲಗಿದರೂ ಬೇಕು. ರಾತ್ರಿ ಟೆಂಟನ್ನು ಪೂರ್ತಿ ಮುಚ್ಚಬೇಡಿ. ಮಂಜಿನ ಊರಲ್ಲಿ ನಮ್ಮ ಉಸಿರೇ ಒಳಗೆ ಹನಿಯಾಗಿ ಮೇಲೆ ಬೀಳುತ್ತೆ. ಮೇಲಿನ ಕಿಂಡಿ ತೆರೆದಿಡಿ.

ಹ್ಯಾಮಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಾನು ಈಗಲೂ ಮಲಗುತ್ತೇನೆ, ಅದು ನನಗೆ ತುಂಬಾ ಇಷ್ಟ. ಹಳೆಯ ಸ್ಲೀಪಿಂಗ್ ಬ್ಯಾಗ್ ಬಿಚ್ಚಿ, ನಮ್ಮ ಬೀದಿಯ ಟೈಲರ್ ಹತ್ತಿರ ಎರಡೂ ತುದಿಗೆ ಎಲಾಸ್ಟಿಕ್ ಹೊಲಿಸಿ, ಹ್ಯಾಮಕ್ಕಿನ ಹೊರಗೆ ಅಡಿಯಲ್ಲಿ ತೂಗುಹಾಕುತ್ತೇನೆ. ಅದು ಬೆನ್ನಿಗೆ ತಾಗಬೇಕು, ಒತ್ತಬಾರದು. ಒಳಗೆ ಇಲ್ಲದೆ ಹೊರಗೆ ಇರೋದರಿಂದ ಚಪ್ಪಟೆಯಾಗಲ್ಲ. ಮ್ಯಾಟನ್ನೇ ಒಳಗೆ ಹಾಕಬಹುದು, ಆದರೆ ಅದು ಜಾರುತ್ತಾ ಇರುತ್ತೆ. ಕಟ್ಟುವಾಗ ಬಿಗಿಯಾಗಿ ಎಳೆಯಬೇಡಿ. ಪಟ್ಟಿ ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ. 70 ಕೆಜಿಯ ಮನುಷ್ಯ ಮಲಗಿದರೆ ಆಗ ಒಂದೊಂದು ಪಟ್ಟಿಯ ಮೇಲೂ 70 ಕೆಜಿಯ ಎಳೆತ. ಅದನ್ನೇ 10 ಡಿಗ್ರಿಗೆ ಬಿಗಿದರೆ ಸುಮಾರು 200 ಕೆಜಿ. ಹಾಲುವಾಣ ಬೇಡ ಅಂತ ದೊಡ್ಡಪ್ಪ ಹೇಳಿದ್ದು ಸುಮ್ನೆ ಅಲ್ಲ. ಸಡಿಲವಾಗಿ ಕಟ್ಟಿ, ಓರೆಯಾಗಿ ಮಲಗಿ, ಆಗ ಬೆನ್ನು ನೇರ ಇರುತ್ತೆ. ಅಗಲ ಪಟ್ಟಿಯನ್ನೇ ಬಳಸಿ, ಹಗ್ಗ ತೊಗಟೆಯನ್ನು ಕೊಯ್ಯುತ್ತೆ. ಟಾರ್ಪಿನ ಒಳಗೆ ಬರುವ ಕಡೆ ಪಟ್ಟಿಗೆ ಒಂದು ದಾರ ಕಟ್ಟಿ ಇಳಿಬಿಡಿ, ಇಬ್ಬನಿ, ಮಳೆನೀರು ಅದರಲ್ಲೇ ಕೆಳಗಿಳಿಯುತ್ತೆ.

ಹ್ಯಾಮಕ್ಕೇ ಬೇಕು ಅನ್ನಿಸಿದರೆ ಮಾರ್ಚ್, ಏಪ್ರಿಲಿನಲ್ಲಿ ಬನ್ನಿ. ಚಳಿ ಕಡಿಮೆ, ಹೂಮಳೆ ಬಿದ್ದಿದ್ದರೆ ತೋಟವೆಲ್ಲ ಕಾಫಿ ಹೂವಿನ ವಾಸನೆ. ಬರೋ ಮುಂಚೆ ತೋಟದವರಿಗೆ ಫೋನ್ ಮಾಡಿ, ಯಾವ ಮರಕ್ಕೆ ಕಟ್ಟಬಹುದು ಅಂತ ಕೇಳಿಕೊಳ್ಳಿ. ನೀವು ಯಾವ ಕಡೆ ಹೋಗ್ತೀರಿ ಅಂತ ತಿಳಿಸಿದರೆ, ಅಲ್ಲಿ ಆ ವಾರ ಆನೆ ಇದೆಯಾ ಅಂತ ಊರಿನವರನ್ನು ಕೇಳಿ ಹೇಳುತ್ತೇನೆ.