ಹಿತ್ತಲ ಆಲೂಗಡ್ಡೆ ಹಸಿರಾಗುತ್ತಿದ್ದರೆ

ತಾಳವಾಡಿಯ ಹಿತ್ತಲಲ್ಲಿ ಬೆಳೆದ ಆಲೂಗಡ್ಡೆ ಹಸಿರಾಗುತ್ತಿದೆ, ಫ್ರಿಜ್ಜಿಗೆ ಹಾಕಲಾ ಅಂತ ಕೇಳಿದ್ದೀರಿ. ಬೇಡ. ಆ ಚಳಿಗೆ ಪಿಷ್ಟ ಸಕ್ಕರೆಯಾಗುತ್ತದೆ. ಪಲ್ಯ ಸಿಹಿಯಾಗುತ್ತದೆ, ಚಿಪ್ಸ್ ಕರಿದರೆ ಬೇಗ ಕಪ್ಪಾಗುತ್ತದೆ.

ಹಸಿರಾಗುವುದಕ್ಕೆ ಬಿಸಿಲೇ ಬೀಳಬೇಕಿಲ್ಲ, ಟ್ಯೂಬ್‌ಲೈಟ್ ಬೆಳಕೂ ಸಾಕು. ಹಸಿರಾದ ಕಡೆ ಸೊಲನೈನ್ ಅನ್ನೋ ಕಹಿ ವಿಷವೂ ಜಾಸ್ತಿ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪ ಇದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ. ಪೂರ್ತಿ ಹಸಿರಾದದ್ದನ್ನು ಎಸೆದುಬಿಡಿ, ಹಸುವಿಗೂ ಹಾಕಬೇಡಿ.

ಇನ್ನೂ ಅಗೆಯುವುದು ಉಳಿದಿದ್ದರೆ, ಅಗೆದದ್ದನ್ನು ತೊಳೆಯಲೇಬೇಡಿ. ಮಣ್ಣು ಒಣಗಿ ತಾನೇ ಉದುರುತ್ತದೆ. 10-12 ದಿನ ಕತ್ತಲ ಕೋಣೆಯಲ್ಲಿ ಗೋಣಿತಾಟಿನ ಮೇಲೆ ಹರಡಿ. ಸಣ್ಣಪುಟ್ಟ ಗಾಯ ಮಾಯುತ್ತದೆ, ಸಿಪ್ಪೆ ಗಟ್ಟಿಯಾಗುತ್ತದೆ. ಹೆಬ್ಬೆರಳಲ್ಲಿ ಉಜ್ಜಿದರೂ ಸುಲಿಯಬಾರದು. ಗುದ್ದಲಿ ಜೋರಾಗಿ ತಾಗಿದ್ದನ್ನು ಮೊದಲು ಸಾರಿಗೆ ಹಾಕಿ ಮುಗಿಸಿ. ಆಮೇಲೆ ಗಾಳಿಯಾಡುವ ಬುಟ್ಟಿಗೆ ತುಂಬಿ, ಮೇಲೆ ಗೋಣಿ ಮುಚ್ಚಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕೊಳೆಯುತ್ತದೆ. ಪಕ್ಕದಲ್ಲಿ ಈರುಳ್ಳಿಯೂ ಬೇಡ. ವಾರಕ್ಕೊಮ್ಮೆ ಕೈಯಾಡಿಸಿ, ಮೆತ್ತಗಾದದ್ದನ್ನು ಆರಿಸಿ ತೆಗೆಯಿರಿ.

ಹೀಗಿಟ್ಟರೂ ಮನೆಯಲ್ಲಿ ಎರಡು ತಿಂಗಳು ಬಂದರೆ ಅದೇ ಜಾಸ್ತಿ. ಆಮೇಲೆ ಮೊಳೆತು ಗಟ್ಟಿಯಾಗಿರುವುದನ್ನು ಬಿತ್ತನೆಗೆ ಎತ್ತಿಡಿ, ಅವಕ್ಕೆ ಮಾತ್ರ ಬೆಳಕು ಬಿದ್ದರೂ ಪರವಾಗಿಲ್ಲ.