ಹೆಸರು ಹಾಕಬೇಡಿ ಎಂದವರಿಗೆ

ಪ್ರಶ್ನೆ: ಸರ್ಕಾರ ಎಲ್ಲರ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ತಾಳೆ ನೋಡಿದರೆ ತಪ್ಪೇನು? ಸುಳ್ಳು ಹೇಳಿ ದುಡ್ಡು ಪಡೆಯುವವರು ಸಿಕ್ಕಿಬೀಳುತ್ತಾರೆ, ಖಜಾನೆಗೂ ಉಳಿತಾಯ. ನಾನು ತಪ್ಪು ಮಾಡಿಲ್ಲ, ಮುಚ್ಚಿಡೋಕೆ ಏನೂ ಇಲ್ಲ. ಮತ್ತೆ ನಾನ್ಯಾಕೆ ಹೆದರಬೇಕು? (ದಯವಿಟ್ಟು ಹೆಸರು ಹಾಕಬೇಡಿ.)

ಉತ್ತರ: ಮುಚ್ಚಿಡೋಕೆ ಏನೂ ಇಲ್ಲ ಅಂತೀರಿ, ಕೆಳಗೆ ಹೆಸರು ಹಾಕಬೇಡಿ ಅಂತಲೂ ಬರೆದಿದ್ದೀರಿ! ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಹೆಸರು ನನ್ನ ಹತ್ತಿರವೇ ಇರುತ್ತದೆ.

ನಾನು ಇಪ್ಪತ್ತಾರು ವರ್ಷ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತವನು. ಬೇರೆಯವರ ಲೆಕ್ಕ ನೋಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಹಾಗಾಗಿ ಲೆಕ್ಕ ನೋಡುವುದೇ ತಪ್ಪು ಅಂತ ನಾನು ಹೇಳಲಾರೆ. ನನ್ನ ಪ್ರಶ್ನೆ ಬೇರೆ. ನೋಡುವವರ ಲೆಕ್ಕವೇ ತಪ್ಪಾದರೆ, ಅದನ್ನು ತೋರಿಸಿಕೊಡಬೇಕಾದವರು ಯಾರು?

ಆಸ್ಟ್ರೇಲಿಯಾದಲ್ಲಿ ಆದದ್ದನ್ನು ಕೇಳಿ. ಜನ ಅದನ್ನು ‘ರೋಬೋಡೆಟ್’, ಅಂದರೆ ಯಂತ್ರ ಹೊರಿಸಿದ ಸಾಲ, ಅಂತ ಕರೆದರು. ಅಲ್ಲಿ ಕೆಲಸ ಇಲ್ಲದವರಿಗೆ, ಓದುತ್ತಿರುವವರಿಗೆ, ಕಡಿಮೆ ದುಡಿಮೆಯವರಿಗೆ ಸರ್ಕಾರ ಎರಡು ವಾರಕ್ಕೊಮ್ಮೆ ಭತ್ಯೆ ಕೊಡುತ್ತದೆ. ಆ ಎರಡು ವಾರದಲ್ಲಿ ಎಷ್ಟು ದುಡಿದಿರಿ ಅನ್ನುವುದರ ಮೇಲೆ ಭತ್ಯೆ ಹೆಚ್ಚು ಕಡಿಮೆ ಆಗುತ್ತದೆ. ಮೊದಲೆಲ್ಲ ಅನುಮಾನ ಬಂದರೆ ಸಿಬ್ಬಂದಿ ಕೂತು ಪರಿಶೀಲಿಸುತ್ತಿದ್ದರು, ಬೇಕಾದರೆ ಕೆಲಸ ಕೊಟ್ಟವರನ್ನೇ ಕೇಳುತ್ತಿದ್ದರು. ಇದಕ್ಕೆ ಸಮಯ ಬೇಕು, ಸಂಬಳ ಬೇಕು. ಬಜೆಟ್ಟಿನಲ್ಲಿ ಉಳಿತಾಯ ತೋರಿಸಬೇಕಿತ್ತು. 2016ರಲ್ಲಿ ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು.

ಅದು ಮಾಡಿದ್ದು ಇಷ್ಟೇ. ತೆರಿಗೆ ಇಲಾಖೆಯಿಂದ ಒಬ್ಬೊಬ್ಬರ ವರ್ಷದ ಆದಾಯ ತಗೊಂಡು 26ರಿಂದ ಭಾಗಿಸಿತು, ವರ್ಷಕ್ಕೆ ಎರಡು ವಾರದ ಕಂತು 26 ಅಂತ. ಒಬ್ಬ ಹುಡುಗಿ ಆರು ತಿಂಗಳು ಕೆಲಸವಿಲ್ಲದೆ ಇದ್ದಳು ಅಂದುಕೊಳ್ಳಿ. ಆಮೇಲೆ ಕೆಲಸ ಸಿಕ್ಕಿ ಉಳಿದ ಆರು ತಿಂಗಳಲ್ಲಿ 26,000 ಡಾಲರ್ ದುಡಿದಳು. ಕೆಲಸ ಇಲ್ಲದಾಗ ‘ಆದಾಯ ಸೊನ್ನೆ’ ಅಂತ ನಿಜವನ್ನೇ ಬರೆದುಕೊಟ್ಟಿದ್ದಳು. ಕಂಪ್ಯೂಟರ್ ಏನಂದಿತು? ‘ನಿನಗೆ ಎರಡು ವಾರಕ್ಕೆ 1,000 ಡಾಲರ್ ಬರುತ್ತಿತ್ತು, ಸೊನ್ನೆ ಅಂತ ಸುಳ್ಳು ಹೇಳಿದ್ದೀಯ, ಭತ್ಯೆ ವಾಪಸ್ ಕಟ್ಟು.’ ವರ್ಷದ ಮಳೆಯನ್ನು 365ರಿಂದ ಭಾಗಿಸಿ, ಸುಡುಬಿಸಿಲಿನ ದಿನವೂ ಮಳೆ ಬಿದ್ದಿತ್ತು ಅಂದ ಹಾಗೆ!

ಹಾಗಲ್ಲ ಅಂತ ಹೇಳಬೇಕಾದರೆ ನಾಲ್ಕೈದು ವರ್ಷ ಹಳೆಯ ಸಂಬಳದ ಚೀಟಿ ತಂದು ತೋರಿಸಬೇಕಿತ್ತು. ಕೆಲಸ ಕೊಟ್ಟ ಅಂಗಡಿಯೇ ಮುಚ್ಚಿಹೋಗಿದ್ದರೆ? ಎಷ್ಟೋ ಮಂದಿ ಇಲ್ಲದ ಸಾಲವನ್ನು ಹೆದರಿ ಕಟ್ಟಿಬಿಟ್ಟರು. ಕಟ್ಟದವರ ಹಿಂದೆ ವಸೂಲಿ ಏಜೆಂಟರು ಬಿದ್ದರು. 2019ರ ನವೆಂಬರಿನಲ್ಲಿ ನ್ಯಾಯಾಲಯದ ಮುಂದೆ ಸರ್ಕಾರವೇ ಒಪ್ಪಿಕೊಂಡಿತು, ಈ ಸರಾಸರಿ ಲೆಕ್ಕಕ್ಕೆ ಕಾನೂನಿನ ಬಲ ಇಲ್ಲ ಅಂತ. ಮರುವರ್ಷ ಸುಮಾರು 4,70,000 ‘ಸಾಲ’ಗಳ ಹಣ ವಾಪಸ್ ಕೊಡುತ್ತೇವೆ ಎಂದು ಪ್ರಕಟಿಸಿತು. ಮೊತ್ತ 72 ಕೋಟಿ ಡಾಲರ್ ಮೇಲೆ. ಉಳಿತಾಯಕ್ಕೆ ಹೊರಟವರ ಕಥೆ ಇದು.

ಕಣ್ಗಾವಲು ಅಂದರೆ ನಾವು ಕ್ಯಾಮೆರಾ ಅಂದುಕೊಳ್ಳುತ್ತೇವೆ. ಇಲ್ಲಿ ಒಂದು ಕ್ಯಾಮೆರಾವೂ ಇರಲಿಲ್ಲ. ಎರಡು ಇಲಾಖೆಗಳ ಕಡತಗಳು ಮಾತಾಡಿಕೊಂಡವು, ಯಾರ ಬಗ್ಗೆ ಮಾತಾಡಿದವೋ ಅವರ ತಲೆಯ ಮೇಲೇ ಸಾಬೀತು ಮಾಡುವ ಹೊರೆ ಬಿತ್ತು.

ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ತಂದೆ ತಾಯಂದಿರನ್ನು ಮೋಸಗಾರರು ಅಂದರು. ಯಾರನ್ನು ಅನುಮಾನಿಸಬೇಕು ಅಂತ ಹೇಳುವ ಕಂಪ್ಯೂಟರ್, ಬೇರೆ ದೇಶದ ಪೌರತ್ವವನ್ನೂ ಅಪಾಯದ ಗುರುತು ಅಂತ ಎಣಿಸುತ್ತಿತ್ತು. ಸಣ್ಣ ಮೊತ್ತದ ಲೆಕ್ಕ ತಪ್ಪಿದರೂ ಇಡೀ ವರ್ಷದ ಭತ್ಯೆ ವಾಪಸ್ ಕಟ್ಟಬೇಕಿತ್ತು. 2021ರ ಜನವರಿಯಲ್ಲಿ ಇದೇ ಕಾರಣಕ್ಕೆ ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು. ಚುನಾವಣೆ ಆದ ಮೇಲೆ, ಆ ಸಂಪುಟದ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ ಅವರೇ ಮತ್ತೆ ಪ್ರಧಾನಿಯಾದರು, ಅದು ಬಿಡಿ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನಮ್ಮ ಬ್ಯಾಂಕಿಗೆ, ಸಾಲ ಕೇಳಿದವರಿಗೆ ಅಂಕ ಕೊಡುವ ಸಾಫ್ಟ್‌ವೇರ್ ಬಂದ ಹೊಸತು. ಜೀವನದಲ್ಲಿ ಯಾರ ಹತ್ತಿರವೂ ಸಾಲ ಮಾಡದ ಬಡಗಿಯೊಬ್ಬರು ಮೊದಲ ಸಲ ಸಾಲ ಕೇಳಿಕೊಂಡು ಬಂದರು. ಹಳೆಯ ಸಾಲವೇ ಇಲ್ಲ, ತೀರಿಸಿದ ದಾಖಲೆ ಎಲ್ಲಿಂದ ಬರಬೇಕು? ಪರದೆಯ ಮೇಲೆ ಕೆಂಪು ಗುರುತು ಬಂತು. ಯಾಕೆ ಸಾರ್ ಅಂದರು. ‘ಸಿಸ್ಟಂ ತಗೊಳ್ತಾ ಇಲ್ಲ’ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಕಾರಣ ನನಗೂ ಗೊತ್ತಿರಲಿಲ್ಲ, ಕೇಳೋಕೆ ಮೇಲೆ ಯಾರೂ ಇರಲಿಲ್ಲ.

ಆದ್ದರಿಂದ ನಿಮಗೆ ನೋಟಿಸು ಬಂದರೆ ಹೆದರಿ ಕಟ್ಟಬೇಡಿ. ಯಾವ ಮಾಹಿತಿಯಿಂದ, ಯಾವ ಲೆಕ್ಕದಿಂದ ಈ ಮೊತ್ತ ಬಂತು ಅಂತ ಬರಹದಲ್ಲಿ ಕೇಳಿ. ಉತ್ತರ ಕೊಡುವ ಕೊನೆಯ ದಿನಾಂಕ ಮಾತ್ರ ತಪ್ಪಿಸಬೇಡಿ. ಯುರೋಪ್ ಒಕ್ಕೂಟದಲ್ಲಿ 2018ರಿಂದ, ಬರೀ ಯಂತ್ರ ಕೊಟ್ಟ ಅಂಥ ತೀರ್ಮಾನವನ್ನು ಒಬ್ಬ ಮನುಷ್ಯ ನೋಡಲಿ ಅಂತ ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಕಾನೂನು ಇಲ್ಲದ ಕಡೆಯೂ ಕೇಳುವುದಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ನಾನು ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಕೈಯಲ್ಲಿರುವ ಸ್ಕ್ಯಾನರ್ ಸೆಕೆಂಡು ಎಣಿಸುತ್ತದೆ. ಬಾತ್‌ರೂಮಿಗೆ ಹೋಗಿ ಬಂದರೂ ‘ಖಾಲಿ ಸಮಯ’ ಅಂತ ಬೀಳುತ್ತದೆ. ಹೊಸ ಕಾಲ, ಹೊಂದಿಕೊಳ್ಳಿ ಅಂತಾರೆ ಸೂಪರ್‌ವೈಸರ್.

ಉತ್ತರ: ಸ್ಕ್ಯಾನರ್ ಹೊಸದು, ಚಾಳಿ ಹಳೆಯದು. ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ, ಅಂದರೆ ಸೇನೆಯ ಶಸ್ತ್ರ ಕಾರ್ಖಾನೆಯಲ್ಲಿ, 1911ರಲ್ಲಿ ಸ್ಟಾಪ್‌ವಾಚ್ ಹಿಡಿದು ಕೆಲಸಗಾರರ ಪಕ್ಕ ನಿಂತರು. ಎರಕದ ಕೆಲಸದವನೊಬ್ಬ ‘ನನ್ನ ಸಮಯ ಅಳೆಯಬೇಡಿ’ ಅಂದ. ಅವನನ್ನು ಕೆಲಸದಿಂದ ತೆಗೆದರು. ಜೊತೆಯವರು ಎದ್ದು ಹೊರನಡೆದರು. ವಿಷಯ ಸಂಸತ್ತಿನವರೆಗೆ ಹೋಗಿ, 1915ರಿಂದ ಸೇನೆಯ ಅಂಥ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಲೆಕ್ಕಕ್ಕೆ ಸರ್ಕಾರದ ದುಡ್ಡು ಖರ್ಚು ಮಾಡಬಾರದು ಅಂತಾಯಿತು.

ಈಗಿನ ಮಾತಿಗೆ ಬಂದರೆ, ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿ 1ರಿಂದ ದೊಡ್ಡ ಗೋದಾಮುಗಳಿಗೆ ಒಂದು ಕಾನೂನು ಇದೆ. ಎಷ್ಟು ಹೊತ್ತಿಗೆ ಎಷ್ಟು ಕೆಲಸ ಅನ್ನುವುದನ್ನು ಕೆಲಸಗಾರರಿಗೆ ಬರೆದು ಕೊಡಬೇಕು. ಊಟದ ಬಿಡುವಿಗೆ, ಬಾತ್‌ರೂಮಿಗೆ ಅಡ್ಡಬರುವ ಗುರಿ ಇಡುವ ಹಾಗಿಲ್ಲ. ನಿಮ್ಮಲ್ಲಿ ಏನಿದೆಯೋ ವಿಚಾರಿಸಿ. ನಿಮ್ಮ ಗುರಿ ಎಷ್ಟು ಅಂತ ಬರಹದಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಅಲ್ಲಿಯವರೆಗೆ ಒಂದು ಸಣ್ಣ ಪುಸ್ತಕದಲ್ಲಿ ನಿಮ್ಮ ಸಮಯವನ್ನು ನೀವೂ ಬರೆದಿಡಿ. ಬಾತ್‌ರೂಮು ಎಷ್ಟು ದೂರ ಅನ್ನುವುದನ್ನೂ ಬರೆಯಿರಿ. ಸ್ಕ್ಯಾನರಿಗೆ ಅದು ಗೊತ್ತಿರುವುದಿಲ್ಲ.